ಸಹಿ ಬೀಳುವ ತನಕ

"ಸಹಿ ಹಾಕ್ಬೇಡಿ ಮೇಡಂ. ಇದು ಅವಿಭಾಜ್ಯ ಸಂಖ್ಯೆ ಅಲ್ಲ."

ಮೇಡಂ ಎದುರು ನಿಂತಿದ್ದ ಅವಳು ಮೇಜಿನ ಮೇಲಿನ ಹಾಳೆಯತ್ತ ಬಗ್ಗಿದಳು.

ಹಾಳೆಯ ತುಂಬ ಅಂಕೆಗಳಿದ್ದ ಆ ಸಂಖ್ಯೆ ಅವಳದು, ಅವಳು ಕಟ್ಟಿದ ಮೊದಲನೆಯದು. ಆಸ್ಪತ್ರೆಗಳಲ್ಲಿ ರೋಗಿಗಳ ಗುಟ್ಟು ಕಾಯುವ ಬೀಗ ಅದರ ಮೇಲೇ ಕೂರಬೇಕಿತ್ತು. ಒಂದು ಮತ್ತು ತಾನು, ಇವೆರಡು ಬಿಟ್ಟು ಇನ್ನಾವುದರಿಂದಲೂ ಅದು ಭಾಗವಾಗಬಾರದು. ಆದರೆ ಬೀಗ ಸಡಿಲ. ಅವಳ ಕೆಲಸ ಖಾಯಂ ಆಗುವ ಮಾತೂ ಅಷ್ಟೇ.

ತಡೆದವನು ಪಕ್ಕದ ಕೋಣೆಯ ಪರೀಕ್ಷಕ. ಎಂಥ ಸಂಖ್ಯೆಯನ್ನೂ ಸೋಸಿಬಿಡುತ್ತಾನೆಂದು ಆಫೀಸಿನವರು ಅವನನ್ನು ಜರಡಿ ಎನ್ನುತ್ತಿದ್ದರು. ಸಂಖ್ಯೆ ಕಟ್ಟುವವರು ಮತ್ತು ಒಡೆಯುವವರು, ಸಹಿ ಬೀಳುವ ತನಕ ಪರಸ್ಪರ ಮಾತಾಡಕೂಡದು ಎಂಬುದು ಅಲ್ಲಿನ ನಿಯಮ. ಹಾಗಾಗಿ ಕಾರಿಡಾರಿನಲ್ಲಿ ಕಣ್ಣು ಕಣ್ಣು ಸೇರಿದ್ದೆಷ್ಟೋ, ಅವನ ದನಿ ಕೇಳಿದ್ದು ಇದೇ ಮೊದಲು. ಕೇಳಿದ್ದೂ ಇಂಥ ಮಾತು...

ಮೇಡಂ ಅವನು ಕೊಟ್ಟ ಅಪವರ್ತನದಿಂದ ಭಾಗಿಸಿ ನೋಡಿದರು. ಶೇಷ ಸೊನ್ನೆ.

ಸಂಜೆಯೊಳಗೆ ಇನ್ನೊಂದು ತರದಿದ್ದರೆ ತಾನೇನೂ ಮಾಡಲಾಗದೆಂದು ಹೇಳಿ ಅವರು ಎದ್ದುಹೋದರು.

ಮಗಳ ಕೆಲಸ ಖಾಯಂ ಆಯಿತೆಂದು ಮನೆಯಲ್ಲಿ ಅಮ್ಮ ಆಗಲೇ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ನಿಯಮವನ್ನೂ ಮರೆತು ಕಾರಿಡಾರಿನಲ್ಲಿ ಅವಳು ಅವನನ್ನು ಅಡ್ಡಗಟ್ಟಿದಳು.

"ಎಲ್ಲರೆದುರು ಒಡೆದು ಹಾಕೋದ್ರಲ್ಲಿ ಅಷ್ಟು ಖುಷಿನಾ ನಿಮಗೆ?"

ಅವನು ತಲೆ ಎತ್ತಿ ನೋಡಿದ. ನಿದ್ದೆಗೆಟ್ಟು ಅವನ ಕಣ್ಣು ಕೆಂಪಾಗಿದ್ದನ್ನು ಅವಳು ಆಗ ಗಮನಿಸಿದಳು.

"ಒಡೆಯೋಕೆ ಕೂತಿರ್ಲಿಲ್ಲ. ಮಾಮೂಲಿ ಪರೀಕ್ಷೆ ಪಾಸಾಗಿತ್ತು, ಸುಮ್ಮನಿರಬಹುದಿತ್ತು. ಅವಿಭಾಜ್ಯವೇ ಅಂತ ಪೂರ್ತಿ ಸಾಧಿಸಿ ತೋರಿಸ್ಬೇಕು ಅನ್ನಿಸ್ತು. ಹಾಗೆ ಸಾಧಿಸೋಕೆ ಹೋಗೇ ಅಪವರ್ತನ ಸಿಕ್ಕಿಬಿಡ್ತು."

"ಯಾಕೆ ಸಾಧಿಸ್ಬೇಕಿತ್ತು?"

"ನೀವು ಕಟ್ಟಿದ್ದು ಅಂತ..."

ಅವಳು ದಾರಿ ಬಿಟ್ಟು ಸರಿದಳು. ತಪ್ಪು ತನ್ನದೇ! ಒಂದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ನಂಬಿದ್ದಳು. ಆ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಿ ಅವಿಭಾಜ್ಯದ ಸೋಗು ಹಾಕುವ ಸಂಖ್ಯೆಗಳಿವೆಯೆಂದು ಓದಿದ್ದಳು. ಅಂಥದ್ದೊಂದು ತನ್ನ ಕೈಗೇ ಬಂದೀತೆಂದು ಎಣಿಸಿರಲಿಲ್ಲ.

"ಮುಂದಿನದಕ್ಕೆ ಕರುಣೆ ತೋರಿಸ್ಬೇಡಿ," ಎಂದಷ್ಟೇ ಹೇಳಿ ತನ್ನ ಕುರ್ಚಿಗೆ ಹೋದಳು.

ಊಟ ಬಿಟ್ಟು ಹೊಸ ಸಂಖ್ಯೆ ಕಟ್ಟಿದಳು. ಈ ಸಲ ಪರೀಕ್ಷೆಯೊಂದನ್ನೇ ನಂಬದೆ ಅದು ಅವಿಭಾಜ್ಯವೇ ಎಂಬುದರ ಸಾಧನೆಯನ್ನೂ ಪೂರ್ತಿ ಬರೆದಳು. ಹಾಳೆ ಅವನ ಕೋಣೆ ಸೇರಿತು, ಬಾಗಿಲು ಮುಚ್ಚಿತು.

ಒಡೆದುಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ತನ್ನ ಮೇಲಿನ ಮಮತೆಗೆ ಒಡೆಯದೇ ಬಿಟ್ಟರೆ? ಉಗುರು ಕಚ್ಚುತ್ತ ಆ ಬಾಗಿಲನ್ನೇ ನೋಡುತ್ತ ಕುಳಿತಳು.

ಹೊತ್ತು ಮುಳುಗುವ ಮುಂಚೆ ಬಾಗಿಲು ತೆರೆಯಿತು. ಅವನು ಅವಳ ಕಡೆ ನೋಡದೆ ನೇರ ಮೇಡಂ ಬಳಿ ಹೋದ.

"ಒಡೆಯಲಿಲ್ಲ. ಸಾಧನೆಯೂ ಸರಿಯಿದೆ."

ಮೇಡಂ ಸಹಿ ಹಾಕಿದರು. ಅವಳ ಕಣ್ಣು ತುಂಬಿ ಬಂತು.

ಮೆಟ್ಟಿಲಿಳಿಯುವಾಗ ಕೇಳಿದಳು, "ನಿಜವಾಗ್ಲೂ ಒಡೆಯೋಕೆ ನೋಡಿದ್ರಾ?"

"ಮೈಯೆಲ್ಲ ಬೆವರೋ ಹಾಗೆ. ಎಲ್ಲಿ ಒಡೆದುಬಿಡುತ್ತೋ ಅಂತ ಪ್ರಾಣ ಹೋಗ್ತಿತ್ತು."

ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ, "ಮುಂದಿನ ಸಂಖ್ಯೆ ನನ್ನ ಕೈಗೆ ಬರೋ ತನಕ ಮಾತಾಡಬಹುದು ನಾವು."

"ಹಾಗಾದ್ರೆ," ಅವಳು ಅವನ ಕೈ ಹಿಡಿದಳು, "ಅದನ್ನ ಸ್ವಲ್ಪ ನಿಧಾನವಾಗೇ ಕಟ್ತೀನಿ."