ಬೀಳದ ಹೂವು

ಗುಂಡ್ಲುಪೇಟೆ ಬಸ್ಸಿನಲ್ಲಿ ಶಿವರಂಜನಿ ಎಂದಿನಂತೆ ಕಿಟಕಿ ಪಕ್ಕ ಕೂತಳು. ಬಸವಪ್ರಸಾದ್ ಎಂದಿನಂತೆ ನಡುವೆ ತನ್ನ ಬ್ಯಾಗ್ ಇಟ್ಟು ಈಚೆ ಕೂತ. ಎರಡು ವರ್ಷದಿಂದ ಆ ಬ್ಯಾಗ್ ಅಲ್ಲೇ ಇದೆ. ಪುಣ್ಯಾತ್ಮ ಒಂದು ದಿನವೂ ಅದನ್ನು ತೊಡೆ ಮೇಲೆ ಎತ್ತಿಟ್ಟುಕೊಂಡವನಲ್ಲ. ನಾಳೆಯಿಂದ ಬ್ಯಾಗೂ ಇರುವುದಿಲ್ಲ, ಅವನೂ ಇರುವುದಿಲ್ಲ. ಅವನಿಗೆ ಕೊಪ್ಪಳಕ್ಕೆ ವರ್ಗವಾಗಿತ್ತು.

ಚಾಮರಾಜನಗರದ ಕಾಲೇಜಿನಲ್ಲಿ ಅವಳದು ಕಂಪ್ಯೂಟರ್ ಪಾಠ, ಅವನದು ತತ್ವಶಾಸ್ತ್ರ. ಅವನ ಕ್ಲಾಸಿಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಬಿಡುವಾದಾಗಲೆಲ್ಲ ಲ್ಯಾಬಿನ ಬಾಗಿಲಲ್ಲಿ ತಲೆ ತೂರಿಸಿ, "ಮೇಡಂ, ತತ್ವಶಾಸ್ತ್ರನ ಕೋಡ್ ಮಾಡಕ್ಕಾಗುತ್ತಾ?" ಎಂದು ಕೆಣಕುತ್ತಿದ್ದ. ಅವಳೂ ಬಿಡಲಿಲ್ಲ. ಅವನ ಪಾಠಗಳನ್ನೆಲ್ಲ ತುಂಬಿ, ಕೇಳಿದ್ದಕ್ಕೆ ಉತ್ತರ ಕೊಡುವ ಪ್ರೋಗ್ರಾಂ ಒಂದನ್ನು ಬರೆದಳು.

"ಇದಕ್ಕೆ ಎಲ್ಲಾ ಗೊತ್ತು," ಎಂದಿದ್ದ ಅವನು, ಪರದೆ ಬಿಟ್ಟು ಅವಳ ಮುಖವನ್ನೇ ನೋಡುತ್ತ. "ಆದ್ರೆ ಗೊತ್ತಿರೋದು ಬೇರೆ, ವಿವೇಕ ಬೇರೆ. ಎಲ್ಲಿ ಸುಮ್ನಿರಬೇಕು ಅಂತ ಇದಕ್ಕೆ ಗೊತ್ತಾ?"

"ಅದು ನಿಮಗೆ ಚೆನ್ನಾಗಿ ಗೊತ್ತು ಬುಡಿ ಸರ್."

ಅವನು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ.

ತೆರಕಣಾಂಬಿಯ ಮನೆಯಲ್ಲಿ ಅವ್ವ ಚಿಕ್ಕಮಲ್ಲಮ್ಮ, "ಇನ್ನೆಷ್ಟ್ ದಿನ ಮದ್ವೆ ಇಲ್ದೆ ಇಂಗೇ ಇದ್ದೀಯೆ ಕಣಮ್ಮಿ?" ಎಂದು ಕೇಳುವುದನ್ನೂ ಬಿಟ್ಟಿದ್ದಳು. ಕೇಳದಿರುವುದೇ ಹೆಚ್ಚು ನೋಯಿಸುತ್ತಿತ್ತು. ಲ್ಯಾಬಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿದರೆ ಕಣ್ಣು ಬಾಗಿಲ ಕಡೆಗೇ. ಅವನು ಬಾರದ ದಿನ ಅರ್ಧ ಉಂಡು ಡಬ್ಬಿ ಮುಚ್ಚಿಬಿಡುತ್ತಿದ್ದಳು.

ಬಸ್ಸು ಚಾಮರಾಜನಗರ ದಾಟಿದ ಮೇಲೆ ಅವಳು ಕೇಳಿಯೇಬಿಟ್ಟಳು. "ನೀವೇ ಕೇಳ್ಕೊಂಡು ವರ್ಗ ಮಾಡಿಸ್ಕೊಂಡ್ರಂತೆ, ಹೌದಾ?"

ಅವನು ಬ್ಯಾಗಿನ ಜಿಪ್ಪು ಎಳೆದ, ಮತ್ತೆ ಮುಚ್ಚಿದ. "ನಮ್ಮೂರ ಗುಡೀಲಿ ಹೂ ಕೇಳಿದ್ದೆ. ನಿಮ್ಮ ವಿಷಯ."

ದೇವರ ಮುಡಿಗೆ ಹೂವಿಟ್ಟು ಮನಸ್ಸಿನಲ್ಲಿ ಕೇಳಿಕೊಳ್ಳುವುದು ಅವಳೂ ಕಂಡಿದ್ದೇ. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಎಲ್ಲವನ್ನೂ ಅನುಮಾನಿಸಿ ಎಂದು ಹುಡುಗರಿಗೆ ಬೋಧಿಸುವ ಮಹಾಶಯ, ತನ್ನ ಸರದಿ ಬಂದಾಗ ಪೂಜಾರಿಯ ಮುಂದೆ ಕೈಕಟ್ಟಿ ನಿಂತಿದ್ದ!

"ಎಡಕ್ಕೆ ಬಿತ್ತಾ?"

"ಬೀಳಲೇ ಇಲ್ಲ. ಮಂಗಳಾರತಿ ಆಗೋವರ್ಗೂ ಕಾದೆ. 'ಇನ್ನೊಂದ್ಸಲ ಬಾ ಕಣಪ್ಪ' ಅಂದ್ರು ಪೂಜಾರಿ ಗುರುಮಲ್ಲಯ್ಯ. ದೇವರೇ ಸುಮ್ನಿದ್ದಾನೆ ಅಂದ್ರೆ ಇಲ್ಲ ಅಂತ್ಲೇ ಅಂದ್ಕೊಂಡೆ. ಆಮೇಲೂ ದಿನಾ ನಿಮ್ಮ ಪಕ್ಕ ಕೂತು ಬರೋಕೆ ನನ್ ಕೈಲಿ ಆಗ್ಲಿಲ್ಲ."

ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. "ಸರ್, ಮೊದಲ್ನೇ ಸೆಮಿಸ್ಟರ್ ಹುಡುಗ್ರಿಗೆ ಹೇಳ್ಕೊಡ್ತೀನಿ ನಾನು. ಉತ್ತರ ಬರ್ಲಿಲ್ಲ ಅಂದ್ರೆ 'ಇಲ್ಲ' ಅಂತಲ್ಲ. ಇನ್ನೂ ಬಂದಿಲ್ಲ ಅಂತ, ಅಷ್ಟೇ. ಅದಿರ್ಲಿ, ಕೇಳ್ಬೇಕಾದವಳನ್ನ ಕೇಳಿದ್ರಾ?"

ಅವನು ಕಡೆಗೂ ಬ್ಯಾಗ್ ಎತ್ತಿ ತೊಡೆ ಮೇಲಿಟ್ಟುಕೊಂಡ.

"ಈಗ ಕೇಳ್ತಿದೀನಿ. ನನ್ನನ್ನ ಮದ್ವೆ ಆಗ್ತೀರಾ?"

ಎಷ್ಟು ಕಾದಿದ್ದ ಮಾತು! ಕಿಟಕಿಯಾಚೆ ಚೆಂಡುಹೂವಿನ ಹೊಲಗಳು ಸಂಜೆಬಿಸಿಲಿನಲ್ಲಿ ಓಡುತ್ತಿದ್ದವು, ನೀರು ತುಂಬಿದ ಕಣ್ಣಿಗೆ ಬರೀ ಹಳದಿ ಕಾಣುತ್ತಿತ್ತು. "ತೆರಕಣಾಂಬಿ, ಇಳೀರಿ ಇಳೀರಿ!" ಎಂದು ಕಂಡಕ್ಟರ್ ಕೂಗಿದ. ಅವಳು ಏನೂ ಹೇಳದೆ ಎದ್ದು ಇಳಿದುಬಿಟ್ಟಳು. ಎಲ್ಲಾ ಹಾಳುಮಾಡಿಕೊಂಡೆ ಅನ್ನಿಸಿತು.

"ಸಾ, ನಿಮ್ದು ಗುಂಡ್ಲುಪೇಟೆ ಟಿಕೆಟ್ಟು! ಇನ್ನೂ ಮುಂದಕ್ಕೋಗ್ಬೇಕು!"

ಅವಳು ತಿರುಗಿ ನೋಡಿದಳು. ಬ್ಯಾಗ್ ತಬ್ಬಿಕೊಂಡು ಬಸವಪ್ರಸಾದ್ ಕೆಳಗೆ ನಿಂತಿದ್ದ.

"ಉತ್ತರ ಇನ್ನೂ ಬಂದಿಲ್ಲ, ಅಷ್ಟೇ ತಾನೆ?" ಎಂದ. "ಈ ಸಲ ಕಾಯ್ತೀನಿ."

ಕಂಡಕ್ಟರ್ ಗೊಣಗಿ ಸೀಟಿ ಊದಿದ. ಬಸ್ಸು ಹೋಯಿತು. ರಸ್ತೆಯ ಧೂಳು ಕೂತರೂ ಅವನು ಜಾಗ ಬಿಟ್ಟು ಕದಲಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನೆಗ್ ಹೋಗನ ಬನ್ನಿ," ಎಂದಳು. "ನಾಳೆ ಕೊಪ್ಪಳಕ್ಕೆ ನೀವೊಬ್ರೇ ಹೋಗ್ಬೇಕು, ಏನೂ ಮಾಡಕ್ಕಾಗಲ್ಲ. ಅವ್ವ ಹೂ ಕೇಳ್ದೆ ಬುಡಲ್ಲ. ಬೀಳ್ಲಿ, ಬೀಳ್ದೆ ಇರ್ಲಿ, ನಾನಂತೂ ಒಪ್ಕೊಂಡಾಯ್ತು."