ಗೆರೆಯ ಮೇಲಿನ ಚುಕ್ಕೆ

"ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಬರೋಕಾಗಲ್ಲ ಪುಟ್ಟಿ," ಅಂದರು ಅಪ್ಪ.

ಪ್ರಣತಿ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು. ಹಡಗಿನ ಸ್ಯಾಟಲೈಟ್ ಫೋನೇ ಹಾಗೆ. ಇಲ್ಲಿ ಆಡಿದ ಮಾತು ಅಲ್ಲಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ದೋಸೆ ಮಗುಚಿ ಹಾಕಬಹುದು ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಆದರೆ ಈ ಭಾನುವಾರ ಯಾರಿಗೂ ನಗು ಬರಲಿಲ್ಲ.

"ಮತ್ತೆ ಯಾವಾಗ ಬರ್ತೀರಾ?"

ಸುಮ್ಮನೆ ಗುಯ್ ಎನ್ನುವ ಸದ್ದು. ಆಮೇಲೆ ಅಪ್ಪನ ದನಿ. "ಇನ್ನೂ ಮೂರು ವಾರ ತಡ ಆಗುತ್ತೆ. ಅಕ್ಟೋಬರ್ ಇಪ್ಪತ್ತು. ಒಂದು ಊರಿಗೆ ವಾಪಸ್ ಹೋಗ್ಬೇಕಾಗಿದೆ."

"ಈ ಶನಿವಾರ ಮೂವತ್ತಕ್ಕೆ ಮನೆ ಖಾಲಿ ಮಾಡ್ಬೇಕು ಅಪ್ಪಾ. ನೀವು ಬರೋಷ್ಟರಲ್ಲಿ ಈ ಮನೇನೇ ಇರಲ್ಲ. ಗೆರೆ ಎಲ್ಲಿ ಎಳೀತೀರಾ?"

ಅಷ್ಟರಲ್ಲಿ ಲೈನ್ ಕಟ್ ಆಯಿತು.

ಗೆರೆ ಇದ್ದದ್ದು ಪರದೇಶದ ನಗರವೊಂದರ ಅಂಚಿನಲ್ಲಿದ್ದ ಯಿಶುನ್‌ನ ಆ ಬಾಡಿಗೆ ಫ್ಲ್ಯಾಟಿನಲ್ಲಿ, ಪ್ರಣತಿಯ ರೂಮಿನ ಬಾಗಿಲ ಚೌಕಟ್ಟಿನ ಮೇಲೆ. ಅಪ್ಪ ಪ್ರತಿ ಜೂನ್‌ನಲ್ಲಿ ಹಡಗಿಗೆ ಹೊರಡುವಾಗ ಅವಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು, ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ವಾಪಸ್ ಬಂದ ದಿನ ಬ್ಯಾಗನ್ನೂ ಇಳಿಸದೆ ಇನ್ನೊಂದು ಗೆರೆ ಎಳೆಯುತ್ತಿದ್ದರು. ಪ್ರಣತಿ ಮೆಲ್ಲಗೆ ಹಿಮ್ಮಡಿ ಎತ್ತುವುದು, ಅಪ್ಪ ತಮ್ಮ ಕಾಲಿನಿಂದ ಅದನ್ನು ನೆಲಕ್ಕೆ ಒತ್ತುವುದು, ಇದೂ ಪ್ರತಿ ವರ್ಷ ಇದ್ದದ್ದೇ. "ಕಳ್ಳಿ," ಅನ್ನುತ್ತಿದ್ದರು. ಆ ಬೈಗುಳಕ್ಕಾಗಿ ಅವಳು ನಾಲ್ಕು ತಿಂಗಳು ಕಾಯುತ್ತಿದ್ದಳು.

ಅಪ್ಪ ಶಿವರಾಮ್ ಕೆಲಸ ಮಾಡುತ್ತಿದ್ದ ಹಡಗು ಕೆನಡಾದ ತುತ್ತತುದಿಗೆ, ಭೂಮಿಯ ನೆತ್ತಿಯ ಹತ್ತಿರದ ಊರುಗಳಿಗೆ ಸಾಮಾನು ಒಯ್ಯುತ್ತಿತ್ತು. ಅಲ್ಲಿಗೆ ರಸ್ತೆ ಇಲ್ಲ, ರೈಲೂ ಇಲ್ಲ. ಸಮುದ್ರವೇ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಅದು ಕರಗಿದಾಗ ಹಡಗು ಹೋಗಬೇಕು, ಮತ್ತೆ ಹೆಪ್ಪುಗಟ್ಟುವುದರೊಳಗೆ ಬಂದುಬಿಡಬೇಕು. ಯಾವ ಊರಿನ ಸಾಮಾನನ್ನು ಹಡಗಿನಲ್ಲಿ ಎಲ್ಲಿ ತುಂಬಬೇಕು ಎಂದು ನೋಡಿಕೊಳ್ಳುವುದು ಅಪ್ಪನ ಕೆಲಸ.

"ಅಮ್ಮಾ, ಒಂದೇ ಒಂದು ಊರು ತಾನೇ? ಬಿಟ್ಟುಬಿಡ್ಬಹುದಲ್ವಾ?"

"ಬಿಡೋಕಾಗುತ್ತೇನೆ?" ಎಂದಳು ಅಮ್ಮ ನಾಗಮಣಿ. ಪಾತ್ರೆಗಳಿಗೆ ಪೇಪರ್ ಸುತ್ತಿ ಬಾಕ್ಸಿಗೆ ತುಂಬುತ್ತಿದ್ದಳು. ಯಿಶುನ್‌ನಿಂದ ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ದಿನಾ ಎಂಆರ್‌ಟಿ ರೈಲಿನಲ್ಲಿ ನಿಂತು ನಿಂತು ಅವಳ ಕಾಲು ಸೋತಿತ್ತು. ಬ್ಯಾಂಕಿಗೆ ಹತ್ತಿರದ ಟೋವಾ ಪಾಯೋದಲ್ಲಿ ಮನೆ ಸಿಕ್ಕಿದ್ದಕ್ಕೆ ಖುಷಿಯಾಗಿದ್ದಳು. "ಬೇಕಿದ್ರೆ ನಾನೇ ಗೆರೆ ಎಳೀತೀನಿ ಬಾ."

"ನೀನಲ್ಲ. ಅಪ್ಪ."

"ಸರಿ ಬಿಡಮ್ಮ, ನಾನ್ಯಾರು," ಎಂದು ಅಮ್ಮ ಟೇಪನ್ನು ಪರ್ ಎಂದು ಎಳೆದಳು.

ಬುಧವಾರ ಅಪ್ಪನ ಇಮೇಲ್ ಬಂತು. ಪ್ರಣತಿಗೆ ಓದಲು ಸುಲಭವಾಗಲಿ ಎಂದು ಅಪ್ಪ ಯಾವಾಗಲೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು.

"ಪುಟ್ಟಿ, ಆ ಊರಿನ ಮುಂದೆ ಎರಡು ದಿನ ನಿಂತು ಕಾದ್ವಿ. ಅಲ್ಲಿ ಹಾರ್ಬರ್ ಇಲ್ಲ. ಹಡಗು ದೂರ ನಿಲ್ಲುತ್ತೆ, ಬಾರ್ಜ್ ಅನ್ನೋ ಚಪ್ಪಟೆ ದೋಣೀಲಿ ಸಾಮಾನು ಹಾಕ್ಕೊಂಡು ದಡಕ್ಕೆ ಹೋಗ್ತೀವಿ. ಆದ್ರೆ ಗಾಳಿ ಬಂದು ಐಸ್‌ನೆಲ್ಲಾ ದಡಕ್ಕೆ ತುಂಬಿಬಿಡ್ತು. ಬಾರ್ಜ್ ಹೋಗೋಕೆ ದಾರೀನೇ ಇಲ್ಲ. ಬೇರೆ ಊರಿನವರೂ ಕಾಯ್ತಿದ್ರು, ಅದಕ್ಕೆ ಮುಂದೆ ಬಂದ್ವಿ. ಈಗ ಗಾಳಿ ತಿರುಗಿ ಐಸ್ ಸರಿದಿದೆಯಂತೆ, ಅದಕ್ಕೇ ವಾಪಸ್ ಹೋಗ್ತಿದ್ದೀವಿ.

"ಮೊದಲು ಇಳಿಸೋದನ್ನ ಕೊನೆಗೆ ತುಂಬಬೇಕು ಅಂತ ನಿನಗೆ ಹೇಳಿದ್ದೀನಲ್ಲ? ಹಾಗಾಗಿ ಆ ಊರಿನ ಸಾಮಾನು ಎಲ್ಲಕ್ಕಿಂತ ಮೇಲೆ ಇತ್ತು. ಕೆಳಗಿನದನ್ನ ತೆಗೀಬೇಕು ಅಂದ್ರೆ ಅದನ್ನ ಎತ್ತಿ ಪಕ್ಕಕ್ಕಿಡಬೇಕು. ಎಂಟು ದಿನದಿಂದ ಅದೇ ಕಣ್ಣೆದುರಿಗೆ ಕೂತಿದೆ. ಗೋಧಿ ಹಿಟ್ಟು, ಸ್ಕೂಲಿನ ನೋಟ್‌ಬುಕ್ಕು. ಒಂದು ಪೆಟ್ಟಿಗೆ ತುಂಬಾ ಮಕ್ಕಳ ಬೂಟು. ಅಲ್ಲಿ ಹಡಗು ವರ್ಷಕ್ಕೆ ಒಂದೇ ಸಲ. ಮುಂದಿನ ವರ್ಷಕ್ಕೆ ನನ್ನ ಮಗಳ ಪಾದ ಇಷ್ಟಾಗಿರುತ್ತೆ ಅಂತ ಅಲ್ಲಿನ ಅಪ್ಪ ಅಮ್ಮ ಈಗಲೇ ಊಹೆ ಮಾಡಿ ಆರ್ಡರ್ ಕೊಡ್ತಾರೆ. ಈ ಬೂಟು ಹೋದ ವರ್ಷ ಹಾಗೆ ಊಹಿಸಿದ್ದು, ವಾಪಸ್ ತಂದುಬಿಟ್ರೆ ಮುಂದಿನ ವರ್ಷ ಯಾರ ಕಾಲಿಗೂ ಆಗಲ್ಲ.

"ಕೋಪ ಮಾಡ್ಕೋಬೇಡ ಅಂತ ಹೇಳಲ್ಲ. ಮಾಡ್ಕೋ. ಬಂದ ಮೇಲೆ ನೋಡೋಣ."

ಪ್ರಣತಿ ಉತ್ತರ ಬರೆಯಲಿಲ್ಲ. ಕೋಪ ಮಾಡಿಕೋ ಎಂದು ಅಪ್ಪನೇ ಹೇಳಿದ್ದಾರೆ, ಮಾಡಿಕೊಂಡಳು. ಅದು ಬರೀ ಕೋಪವೂ ಅಲ್ಲ. ಯಾರೋ ಗೊತ್ತಿಲ್ಲದ ಮಕ್ಕಳ ಬೂಟಿನ ಪೆಟ್ಟಿಗೆ ದಿನಾ ಅಪ್ಪನ ಕಣ್ಣೆದುರಿಗೆ ಇರುತ್ತದೆ, ತಾನು ಮಾತ್ರ ಇಲ್ಲ. ಅದನ್ನು ನೆನೆದರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅಪ್ಪ ಬೇಕು ಬೇಕು ಅನ್ನಿಸುತ್ತಿತ್ತು.

ಶನಿವಾರ ಬಂದೇಬಿಟ್ಟಿತು. ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ ಪಕ್ಕದಲ್ಲಿ ಲಾರಿ ಬಂದು ನಿಂತಿತ್ತು. ಬಾಕ್ಸುಗಳು ಒಂದೊಂದಾಗಿ ಲಿಫ್ಟಿನಲ್ಲಿ ಇಳಿಯುತ್ತಿದ್ದವು. ಅಷ್ಟರಲ್ಲಿ ಮನೆ ಓನರ್ ಟ್ಯಾನ್ ಅಂಕಲ್ ಬಿಳಿ ಪೇಂಟಿನ ಡಬ್ಬ, ಬ್ರಷ್ ಹಿಡಿದು ಒಳಗೆ ಬಂದರು. ಅಡುಗೆಮನೆಯ ಎಣ್ಣೆ ಕಲೆಗೆ ಬಳಿದರು, ಹಾಲಿನ ಮೊಳೆಯ ತೂತಿಗೆ ಬಳಿದರು. ಆಮೇಲೆ ಪ್ರಣತಿಯ ರೂಮಿನ ಕಡೆ ತಿರುಗಿದರು.

ಪ್ರಣತಿ ಓಡಿಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು.

"ಗರ್ಲ್, ಮಸ್ಟ್ ಪೇಂಟ್ ಲಾ," ಎಂದರು ಟ್ಯಾನ್ ಅಂಕಲ್. "ಮಂಡೇ ಹೊಸ ಟೆನೆಂಟ್ ಕಮಿಂಗ್." ಐದು ವರ್ಷದಿಂದ ಅಮ್ಮನ ಮಾತು ಕೇಳಿ ಕೇಳಿ ಅವರಿಗೆ 'ಹೊಸ', 'ಚೆನ್ನಾಗಿದೆ', 'ಊಟ ಆಯ್ತಾ' ಬರುತ್ತಿತ್ತು.

"ಮೈ ಡ್ಯಾಡ್ ಇನ್ನೂ ಬಂದಿಲ್ಲ, ಅಂಕಲ್," ಎಂದಳು ಪ್ರಣತಿ.

ಟ್ಯಾನ್ ಅಂಕಲ್ ಬಗ್ಗಿ, ಅವಳ ಭುಜದ ಪಕ್ಕ ಕಾಣುತ್ತಿದ್ದ ಗೆರೆಗಳನ್ನು ನೋಡಿದರು. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟರು. "ಐ ಪೇಂಟ್ ಟಾಯ್ಲೆಟ್ ಫಸ್ಟ್. ಹಾಫ್ ಅವರ್. ಓಕೆ?"

ಅರ್ಧ ಗಂಟೆ. ಪ್ರಣತಿ ಅಡುಗೆಮನೆಗೆ ಓಡಿದಳು. ಪಾತ್ರೆ ಎಲ್ಲ ಹೋಗಿದ್ದವು. ಕೌಂಟರಿನ ಮೇಲೆ ಬೇಕಿಂಗ್ ಪೇಪರಿನ ಸುರುಳಿ ಮಾತ್ರ ಉಳಿದಿತ್ತು. ಅದನ್ನು ಬಿಚ್ಚಿ ನೋಡಿದರೆ ಆಚೆಗಿನದು ಮಸುಕಾಗಿ ಕಾಣುತ್ತಿತ್ತು.

ಅಮ್ಮ ಸ್ಟೂಲಿನ ಮೇಲೆ ನಿಂತು ಪೇಪರಿನ ತುದಿಯನ್ನು ಹಿಡಿದಳು. ನೆಲ ಮುಟ್ಟುವಂತೆ ಅದನ್ನು ಇಳಿಬಿಟ್ಟು ಪ್ರಣತಿ ಕೆಳಗಿನಿಂದ ಗೆರೆಗಳನ್ನು ಒಂದೊಂದಾಗಿ ಅದರ ಮೇಲೆ ಎಳೆಯತೊಡಗಿದಳು. ಜೂನ್, ಅಕ್ಟೋಬರ್. ಮತ್ತೆ ಜೂನ್, ಅಕ್ಟೋಬರ್. ಮೇಲಿನದು ಈ ವರ್ಷದ ಜೂನ್.

ಆ ಜೂನ್ ಗೆರೆಯ ಸ್ವಲ್ಪ ಮೇಲೆ ಒಂದು ಚುಕ್ಕೆ ಇತ್ತು. ಪೆನ್ಸಿಲ್ ತಗುಲಿದ್ದಿರಬೇಕು ಎಂದು ಅವಳು ಯಾವತ್ತೂ ಅದನ್ನು ಗಮನಿಸಿರಲಿಲ್ಲ. ಈಗ ಕೆಳಗೆ ನೋಡಿದರೆ ಎಲ್ಲ ಜೂನ್ ಗೆರೆಗಳ ಮೇಲೂ ಒಂದೊಂದು ಚುಕ್ಕೆ ಇದೆ. ಒಂದು ಅಕ್ಟೋಬರ್ ಗೆರೆ ಚುಕ್ಕೆಯ ಮೇಲೇ ಕೂತಿದೆ. ಇನ್ನೊಂದು ಚುಕ್ಕೆಯನ್ನು ದಾಟಿ ಮೇಲೆ ಹೋಗಿದೆ.

"ಅಮ್ಮಾ, ಈ ಚುಕ್ಕೆ ಯಾರು ಇಟ್ಟಿದ್ದು?"

"ಇನ್ಯಾರು, ನಿಮ್ಮಪ್ಪ. ಏರ್‌ಪೋರ್ಟಿಗೆ ಹೊರಡೋ ದಿನ ನೀನು ಶೂ ಹಾಕ್ಕೊಳ್ತಿರ್ತೀಯಲ್ಲ, ಆವಾಗ ಬಂದು ಇಟ್ಟು ಹೋಗ್ತಾರೆ. ನಾನು ಬರೋ ಹೊತ್ತಿಗೆ ಪುಟ್ಟಿ ಇಷ್ಟಾಗಿರ್ತಾಳೆ ಅಂತ."

ಪ್ರಣತಿಗೆ ಆ ಬೂಟಿನ ಪೆಟ್ಟಿಗೆ ನೆನಪಾಯಿತು. ಆಮೇಲೆ ಚುಕ್ಕೆಗಳನ್ನೂ ಒಂದೂ ಬಿಡದೆ ಪೇಪರಿನ ಮೇಲೆ ಇಟ್ಟಳು.

ಪೇಪರನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಾಗ ಅಮ್ಮ, "ಕೊಡು, ಬಟ್ಟೆ ಬಾಕ್ಸಿನಲ್ಲಿ ಇಡ್ತೀನಿ" ಅಂದಳು.

"ಬೇಡ. ಇದು ಕೊನೆಗೆ."

ಸೋಫಾ, ಫ್ರಿಜ್, ಬಾಕ್ಸು, ಅಮ್ಮನ ತುಳಸಿ ಕುಂಡ ಎಲ್ಲವೂ ಲಾರಿ ಹತ್ತಿದವು. ಎಲ್ಲದರ ಕೊನೆಗೆ, ಬಾಗಿಲು ಹಾಕುವ ಮುಂಚೆ, ಪ್ರಣತಿ ಸುರುಳಿಯನ್ನು ತುದಿಯಲ್ಲಿ ಸಿಕ್ಕಿಸಿದಳು.

ಹಾಗಾಗಿ ಟೋವಾ ಪಾಯೋದ ಮನೆಯಲ್ಲಿ ಮೊದಲು ಇಳಿದದ್ದು ಅದೇ. ಇನ್ನೂ ಒಂದು ಕುರ್ಚಿ ಕೂಡ ಒಳಗೆ ಬಂದಿರಲಿಲ್ಲ, ಹೊಸ ರೂಮಿನ ಚೌಕಟ್ಟಿನ ಮೇಲೆ ಬೇಕಿಂಗ್ ಪೇಪರ್ ಅಂಟಿತ್ತು. ಬುಡ ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ಅವಳು ಮೂರು ಸಲ ಬಗ್ಗಿ ನೋಡಿದಳು.

ಆಮೇಲೆ ಅಮ್ಮನ ಫೋನ್ ಈಸಿಕೊಂಡು ಅಪ್ಪನಿಗೆ ಇಮೇಲ್ ಬರೆದಳು. ಬರೆದದ್ದು ಒಂದೇ ಸಾಲು. "ಬೂಟು ಕೊಟ್ಟೇ ಬನ್ನಿ."

"ನಿಂತ್ಕೋ, ಅಳೆದು ನೋಡೋಣ," ಅಂದಳು ಅಮ್ಮ. "ಗೆರೆ ಎಳೆಯಲ್ಲ ಮಾರಾಯ್ತಿ, ಬರೀ ನೋಡ್ತೀನಿ."

ಪ್ರಣತಿ ಪೇಪರಿಗೆ ಬೆನ್ನು ತಾಗಿಸಿ ನಿಂತಳು. ಒತ್ತಲು ಅಪ್ಪನ ಕಾಲು ಇರಲಿಲ್ಲ. ಆದರೂ ಹಿಮ್ಮಡಿಗಳನ್ನು ತಾನೇ ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡಳು. ಅಮ್ಮ ಅವಳ ತಲೆಯ ಮೇಲೆ ಮ್ಯಾತ್ಸ್ ಪುಸ್ತಕ ಇಟ್ಟಳು.

"ಚುಕ್ಕೆ ಮುಟ್ಟಿದೀನಾ?"

"ಇಲ್ಲ ಕಣೆ. ಎಳ್ಳುಕಾಳಿನಷ್ಟು ಕಮ್ಮಿ."

ಅಪ್ಪ ಇವತ್ತೇ ಬಂದಿದ್ದರೆ ಅವರ ಊಹೆ ತಪ್ಪುತ್ತಿತ್ತು. ಇನ್ನೂ ಮೂರು ವಾರ ಇದೆ. ಪ್ರಣತಿ ಪೆನ್ಸಿಲಿಗೆ ದಾರ ಕಟ್ಟಿ ಪೇಪರಿನ ಪಕ್ಕ, ಅಪ್ಪನ ಕೈಗೆ ಎಟುಕುವ ಎತ್ತರದಲ್ಲಿ ತೂಗುಹಾಕಲು ಸ್ಟೂಲು ಎಳೆದುಕೊಂಡಳು.