ಆಯಿಯ ಕಣ್ಣಿನ ಬಿಳಿ ಪಟ್ಟಿ

“ಮೋತಿಬಿಂದು ಅಲ್ಲ ಇದು,” ಎಂದರು ಡಾಕ್ಟರ್ ಮೇಡಂ, ಚೌಡವ್ವನ ಬಲಗಣ್ಣಿಗೆ ಬೆಳಕು ಬಿಡುತ್ತ. “ಹಣ್ಣಾಗಲಿ ಅಂತ ಎರಡು ವರ್ಷ ಸುಮ್ನ ಕಾದೀರಿ.”

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಸೌಂದರ್ಯಾ ಆಯಿಯ ಭುಜ ಹಿಡಿದುಕೊಂಡಳು. ಆಯಿಯ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇದ್ದೊಂದು ಕಣ್ಣಿನ ಮೇಲೂ ಈಗ ಅಡ್ಡಕ್ಕೆ ಬಿಳಿ ಪಟ್ಟಿ ಬಂದು ಕೂತಿತ್ತು. ಕಣ್ಣಿನ ಪೊರೆ ಇದು, ಹಣ್ಣಾದ ಮೇಲೆ ತೆಗೆಸಿದರಾಯಿತು ಎಂದು ಬೆಟಗೇರಿಯ ಓಣಿಯವರೆಲ್ಲ ಹೇಳಿದ್ದರು.

ಮೇಡಂ ಬಿಡಿಸಿ ಹೇಳಿದರು. ಕರಿಗುಡ್ಡೆಯ ಮುಂದೆ ಗಾಜಿನಂಥ ತೆಳು ಪದರ ಇರುತ್ತದೆ. ಅದರ ಮೇಲೆ ಸುಣ್ಣ ಕಟ್ಟಿದೆ. ಔಷಧದಲ್ಲಿ ನೆನೆಸಿ, ಮೆಲ್ಲಗೆ ಕೆರೆದು ತೆಗೆಯಬೇಕು.

ಆಯಿ ಕೇಳಿದ್ದು ಒಂದೇ ಮಾತು. “ಮಗ್ಗದ ಎಳಿ ಕಾಣಸ್ತಾವೇನ್ರಿ?”

“ಕಾಣಸ್ತಾವ ಅಂತ ನನಗ ಭರೋಸಾ ಐತಿ,” ಎಂದರು ಮೇಡಂ.

ಸೌಂದರ್ಯಾ ತಲೆ ತಗ್ಗಿಸಿದಳು. ಆಯಿಗೆ ಕಾಣದಾದಾಗಿನಿಂದ ಶಾಲೆ ಬಿಟ್ಟ ಮೇಲೆ ಮಗ್ಗದಲ್ಲಿ ಕಡಿದ ಎಳೆ ಹುಡುಕಿ ಜೋಡಿಸುತ್ತಿದ್ದವಳು ಅವಳೇ. ಹೋದ ವಾರ ಬೇಸರ ಬಂದು, ಒಂದು ಎಳೆಯನ್ನು ಮಗ್ಗದ ಹಣಿಗೆಯಲ್ಲಿ ಪಕ್ಕದ ಸಂದಿಗೆ ಪೋಣಿಸಿಬಿಟ್ಟಿದ್ದಳು. ಗಮನಕ್ಕೆ ಬರುವಷ್ಟರಲ್ಲಿ ಆಯಿ ಬೆರಳಿನಿಂದ ತಡವುತ್ತ ನೇಯ್ದು, ಸೀರೆಯಲ್ಲಿ ಒಂದು ಗೇಣುದ್ದದ ಗೀಟು ಬಿದ್ದಿತ್ತು. ಅವಳು ಬಾಯಿ ಬಿಟ್ಟಿರಲಿಲ್ಲ. ಕಣ್ಣು ಬಂದರೆ ಆಯಿ ಮೊದಲು ನೋಡುವುದು ಅದನ್ನೇ. ಬರದಿದ್ದರೆ? ಅದನ್ನು ನೆನೆಯುವುದೂ ಬೇಡ.

ಮರುದಿನ ಆಪರೇಷನ್. ಆಪರೇಷನ್ ಕೋಣೆಯ ಹೊರಗೆ, ಒಳಗಿನದನ್ನು ತೋರಿಸುವ ಟಿವಿಯಲ್ಲಿ ಆಯಿಯ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ಡ್ರಾಪ್ಸ್ ಹಾಕಿ ಕಣ್ಣು ಮರಗಟ್ಟಿಸಿದ್ದರು, ಆಯಿಗೆ ಎಚ್ಚರವಿತ್ತು. ಮೇಡಂ ಔಷಧ ಹಚ್ಚಿ ಕಾದರು. ಒಂದು ಚೂರು ಬಿಳಿ ಎಬ್ಬಿಸಿದರು. ಮತ್ತೆ ಹಚ್ಚಿದರು, ಮತ್ತೆ ಕಾದರು. ಅವರ ಕೈ ಒಮ್ಮೆಯೂ ಅವಸರ ಮಾಡಲಿಲ್ಲ, ಆಯಿ ಒಮ್ಮೆಯೂ ಅಲುಗಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಗಟ್ಟಿಗಿತ್ತಿ ಎಂದು ಹೇಳುವುದೇ ಕಷ್ಟ. ಬಿಳಿಯ ಕೆಳಗಿನಿಂದ ಕಪ್ಪು ಮೂಡುತ್ತ ಬಂದಂತೆ ಸೌಂದರ್ಯಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಕೊನೆಗೆ ಬಟ್ಟೆ ಕಟ್ಟುವ ಬದಲು ಕಣ್ಣಿನ ಮೇಲೆ ಮೆತ್ತನೆಯ ಲೆನ್ಸ್ ಇಟ್ಟು ಕಳಿಸಿದರು.

ಕಣ್ಣುರಿಯಿಂದ ಆಯಿ ಒಂದು ವಾರ ಒಳಕೋಣೆಯಲ್ಲೇ ಮಲಗಿದ್ದಳು. ಸೌಂದರ್ಯಾ ದಿನಾ ಸಂಜೆ ಮಗ್ಗದ ಮುಂದೆ ಕೂತು, ನೇಯ್ದದ್ದನ್ನು ಒಂದೊಂದೇ ಎಳೆಯಾಗಿ ಬಿಚ್ಚಿದಳು. ಬೇಸರ ಬಂದಾಗ ಕೈ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಗೇಣು ಬಿಚ್ಚಿ ಮುಗಿದ ಮೇಲೆ ತಪ್ಪಿದ ಎಳೆಯನ್ನು ಸರಿಯಾದ ಸಂದಿಗೆ ಪೋಣಿಸಿದಳು.

ಲೆನ್ಸ್ ತೆಗೆಸಿಕೊಂಡು ಬಂದ ಆಯಿ ಚಪ್ಪಲಿ ಬಿಟ್ಟವಳೇ ಸೀದಾ ಮಗ್ಗಕ್ಕೆ ನಡೆದಳು. ಬಗ್ಗಿ ನೋಡಿದಳು.

“ಬಟ್ಟಿ ಒಂದು ಗೇಣು ಕಡಿಮಿ ಆಗೈತಲ್ಲ?”

ಸೌಂದರ್ಯಾ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಆಯಿ ಬೈಯಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಈ ಅಂಚಿನಿಂದ ಆ ಅಂಚಿನವರೆಗೆ ನಿಧಾನವಾಗಿ ನೋಡಿದಳು.

“ನಾ ಆಗಿದ್ರ ಒಂದ ತಾಸಿನ್ಯಾಗ ಬಿಚ್ಚತಿದ್ದೆ,” ಎಂದಳು. “ಆದ್ರ ನೀ ಒಂದ ಎಳೀನೂ ಕಡದಿಲ್ಲವಾ.”

ಒಂದೂ ಕಡಿದಿಲ್ಲವೆಂಬುದು ಸೌಂದರ್ಯಾಳಿಗೂ ಗೊತ್ತಿರಲಿಲ್ಲ. ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ ಆಯಿಯ ಕಡೆ ನೋಡಿದಳು. ಇಷ್ಟೆಲ್ಲ ಕಂಡುಹಿಡಿದರೂ ಆಯಿ ಮಗ್ಗವನ್ನು ಇನ್ನೂ ಬೆರಳಿನಿಂದ ಮುಟ್ಟಿಯೇ ಇರಲಿಲ್ಲ.